ಒದ್ದೆ ಟೆಂಟಿನ ಒಳಮಗ್ಗುಲು

ಬೇರೆ ಊರುಗಳಲ್ಲಿ ಒದ್ದೆ ಟೆಂಟು ಒಣಗಿಸುವುದು ಬಹಳ ಸುಲಭವಂತೆ. ಎರಡು ಮರಗಳ ನಡುವೆ ಹಗ್ಗ ಕಟ್ಟುತ್ತಾರಂತೆ, ಟೆಂಟನ್ನು ಅದರ ಮೇಲೆ ಎಸೆಯುತ್ತಾರಂತೆ, ಆಮೇಲೆ ಒಳಗೆ ಹೋಗಿ ಉಪ್ಪಿಟ್ಟು ತಿಂದು ಮಲಗುತ್ತಾರಂತೆ. ಎದ್ದು ಬರುವಷ್ಟರಲ್ಲಿ ಅದು ಒಣಗಿರುತ್ತದಂತೆ. ಯಾರೂ ನೋಡದೆ, ಯಾರೂ ಎದುರಿಗೆ ಕೂರದೆ, ತನ್ನಷ್ಟಕ್ಕೆ ತಾನೇ. ಇದನ್ನು ನನಗೆ ಹೇಳಿದವರು ನಮ್ಮ ಶಾಲೆಯ ತಪಾಸಣೆಗೆ ಬಂದಿದ್ದ ಒಬ್ಬ ಅಧಿಕಾರಿ. ಅಧಿಕಾರಿಗಳು ಹೇಳಿದ ಮೇಲೆ ನಂಬಬೇಕು, ನಂಬಿದ್ದೇನೆ. ಅಂಥ ಊರಿನಲ್ಲಿ ಹುಟ್ಟುವಷ್ಟು ಪುಣ್ಯವನ್ನು ನಾನು ಮಾಡಿರಲಿಲ್ಲ.

ನಮ್ಮೂರಿನಲ್ಲಿ ಬಟ್ಟೆ ಒಣಗಬೇಕಾದರೆ ಯಾರಾದರೂ ಅದನ್ನು ನೋಡುತ್ತಾ ಕೂರಬೇಕು. ಬಿಸಿಲು ಇರುವುದು ಬೆವರು ಬರಿಸಲಿಕ್ಕೆ ಮಾತ್ರ. ಕರವಸ್ತ್ರಕ್ಕೆ ಎರಡು ನಿಮಿಷ, ಪಂಚೆಗೆ ಕಾಲು ಗಂಟೆ, ಸೀರೆಗೆ ಅರ್ಧ ಗಂಟೆ, ಜಮಖಾನಕ್ಕೆ ಒಂದಿಡೀ ಭಾನುವಾರ. ಕಣ್ಣು ತೆಗೆದರೆ ಒಣಗುವುದು ಅಲ್ಲಿಗೇ ನಿಲ್ಲುತ್ತದೆ. ದಪ್ಪ ಬಟ್ಟೆಯಾದರೆ ಇನ್ನೊಂದು ತೊಡಕು. ನೋಡಿದ ಮಗ್ಗುಲು ಮಾತ್ರ ಒಣಗುತ್ತದೆ, ನೀರು ಜಾಣತನದಿಂದ ಆಚೆ ಮಗ್ಗುಲಿಗೆ ಸರಿದು ಕೂರುತ್ತದೆ, ನೋಡುವವರು ಸುಮ್ಮನಾದ ಕೂಡಲೇ ವಾಪಸು ಬರುತ್ತದೆ. ಹಾಗಾಗಿ ಕಂಬಳಿಗೆ ಇಬ್ಬರು ಬೇಕು, ಈ ಕಡೆ ಒಬ್ಬರು, ಆ ಕಡೆ ಒಬ್ಬರು. ನಮ್ಮಲ್ಲಿ ಗಂಡು ಹುಡುಕುವವರು ಕೇಳುವ ಮೊದಲ ಪ್ರಶ್ನೆಯೇ ಹುಡುಗ ಕಂಬಳಿಗೆ ಕೂರುತ್ತಾನಾ ಎಂಬುದು. ಜಾತಕ, ಕೆಲಸ ಎಲ್ಲ ಆಮೇಲೆ ಬರುತ್ತವೆ.

ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಪರೀಕ್ಷಾ ಕೊಠಡಿಯಲ್ಲಿ ಮೂರು ಗಂಟೆ ಕಣ್ಣು ಕೀಳದೆ ನೋಡುವುದು ನನಗೆ ರೂಢಿ. ಈ ರೂಢಿ ವ್ಯರ್ಥವಾಗಬಾರದೆಂದು ನಮ್ಮ ಹೆಡ್‌ಮಾಸ್ತರರು ಪರೀಕ್ಷೆಯ ದಿನಗಳಲ್ಲಿ ತಮ್ಮ ಮನೆಯ ಒಗೆದ ಬಟ್ಟೆಗಳನ್ನೆಲ್ಲ ತಂದು ಕೊಠಡಿಯ ಹಿಂದಿನ ಗೋಡೆಗೆ ನೇತುಹಾಕಿಸುತ್ತಾರೆ. ಮಕ್ಕಳು ಮುಂದೆ ಬೀಜಗಣಿತ ಬರೆಯುತ್ತಿದ್ದರೆ, ಹಿಂದೆ ಹೆಡ್‌ಮಾಸ್ತರರ ಅಂಗಿಗಳು ಒಣಗುತ್ತಿರುತ್ತವೆ. ಎರಡರ ಮೇಲೂ ಕಣ್ಣಿಡುವ ಹೊಣೆ ನನ್ನದು. ಇದಕ್ಕೆ ಅವರು ಇಟ್ಟಿರುವ ಹೆಸರು ಸಮಯದ ಸದುಪಯೋಗ.

ಇನ್ನೆರಡು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಣ್ಣೀರಿನಿಂದ ಒದ್ದೆಯಾದ ಬಟ್ಟೆ ಒಣಗಲು ನೀರಿನ ಒದ್ದೆಗಿಂತ ಹತ್ತಾರು ಪಟ್ಟು ಹೆಚ್ಚು ಹೊತ್ತು ಬೇಕು. ಸಾಲದ್ದಕ್ಕೆ, ಅತ್ತವರು ನೋಡಿದರೆ ಅದು ಒಣಗುವುದೇ ಇಲ್ಲ. ಬೇರೆ ಯಾರಾದರೂ ನೋಡಬೇಕು. ಹಾಗಾಗಿ ಈ ಊರಿನಲ್ಲಿ ಯಾರ ಮನೆಯಲ್ಲಿ ಯಾರು ಅತ್ತರು ಎಂಬುದು ಕೊನೇ ಪಕ್ಷ ಇನ್ನೊಬ್ಬರಿಗೆ ಗೊತ್ತಿರುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ಕಟ್ಟುಪಾಡು ಇದೆ. ಬೇರೆಯವರ ಒದ್ದೆ ಬಟ್ಟೆಯಲ್ಲಿ ಕಂಡದ್ದನ್ನು ಬಾಯಿಬಿಟ್ಟು ಹೇಳಬಾರದು. ಹರಕು, ತೇಪೆ, ಕಲೆ, ಒಣಗಲು ಹಿಡಿದ ಹೊತ್ತು, ಯಾವುದನ್ನೂ. ಕಳ್ಳತನ ಮಾಡಿದವನನ್ನು ಊರು ಮನ್ನಿಸಿದ ಉದಾಹರಣೆಗಳಿವೆ, ಬಟ್ಟೆಯ ವಿಷಯ ಆಡಿದವನನ್ನು ಮನ್ನಿಸಿದ್ದು ನನಗೆ ಗೊತ್ತಿಲ್ಲ.

ನನ್ನ ಬಾಯಿಯ ಬಗ್ಗೆ ನಾನೇ ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ, ಆದರೂ ಹೇಳುತ್ತೇನೆ. ಎದುರು ಮನೆಯ ಗುರುಬಸಮ್ಮನವರ ದುಪ್ಪಟಿಗೆ ಒಮ್ಮೆ ಕೂತಿದ್ದಾಗ, ಇದರಲ್ಲಿ ಬಟ್ಟೆಗಿಂತ ತೂತೇ ಜಾಸ್ತಿ, ಅರ್ಧ ಕೆಲಸ ಉಳಿಯಿತು ಎಂದಿದ್ದೆ. ಅವರು ನಕ್ಕರು, ಮತ್ತೆ ಕರೆಯಲಿಲ್ಲ. ಹೀಗೆ ಬೀದಿಯ ಒಂದೊಂದೇ ಮನೆಯವರು ನನ್ನನ್ನು ಕರೆಯುವುದು ಬಿಟ್ಟರು. ನನಗೆ ಬಿಡುವು ಸಿಕ್ಕಿತು ಎಂದುಕೊಂಡೆ. ಮನೆಯೊಳಗೆ ನನ್ನ ಹೆಂಡತಿ ದಾಕ್ಷಾಯಿಣಿ ಇದ್ದಳು, ಅವಳ ಬಟ್ಟೆ ನಾನು, ನನ್ನ ಬಟ್ಟೆ ಅವಳು ನೋಡಿಕೊಳ್ಳುತ್ತಿದ್ದೆವು. ಇನ್ನು ಊರು ಕಟ್ಟಿಕೊಂಡು ಏನಾಗಬೇಕು ಎನ್ನುವ ಧೈರ್ಯ ನನ್ನದಾಗಿತ್ತು.

ಈಗ ಟೆಂಟಿನ ವಿಷಯ. ಇದು ನನ್ನ ಮಾವ ಸಿದ್ರಾಮಪ್ಪನವರು ಹೊಲಿದದ್ದು. ಅವರು ದರ್ಜಿ. ಎರಡು ವರ್ಷ, ಗಿರಾಕಿಗಳ ಅಂಗಿ ಹೊಲಿದು ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ, ದಪ್ಪ ಕ್ಯಾನ್ವಾಸನ್ನು ಜೋಡಿಸಿ ಹನ್ನೆರಡು ಜನ ಮಲಗುವ ಟೆಂಟು ಮಾಡಿದರು. ಒಳಗಡೆ ಯಾರ ತಲೆ ಎಲ್ಲಿ ಎಂದು ಕೆಂಪು ದಾರದಲ್ಲಿ ಹೆಸರು ಹೊಲಿದರು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಲ್ಲರ ಹೆಸರೂ ಇದೆ. ದಾಕ್ಷಿ ಎಂಬ ಹೆಸರಿನ ಪಕ್ಕ ನನ್ನದೂ ಇದೆ, ಆದರೆ ನನಗೆ ಮಾತ್ರ ಮೇಷ್ಟ್ರು ಎಂದಷ್ಟೇ ಹೊಲಿದಿದ್ದಾರೆ. ಅಳಿಯನ ಹೆಸರು ಉದ್ದವಾಯಿತು, ದಾರ ಸಾಲಲಿಲ್ಲ ಎಂದು ಸಮಜಾಯಿಷಿ ಕೊಟ್ಟಿದ್ದರು. ವರ್ಷಕ್ಕೊಮ್ಮೆ ಇಡೀ ಸಂಸಾರವನ್ನು ಕೆರೆಯಾಚೆಯ ಗುಡ್ಡಕ್ಕೆ ಕರೆದೊಯ್ದು ಮೂರು ದಿನ ಅದರೊಳಗೆ ಇರಿಸುತ್ತಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು, ಕ್ಯಾಂಪು ಮಾತ್ರ ನಿಂತಿಲ್ಲ. ಟೆಂಟು ಒಂದೊಂದು ವರ್ಷ ಮಕ್ಕಳಲ್ಲಿ ಒಬ್ಬೊಬ್ಬರ ಮನೆಯಲ್ಲಿ ಇರುತ್ತದೆ. ಈ ವರ್ಷ ನಮ್ಮಲ್ಲಿತ್ತು, ಈ ಸಲದ ಕ್ಯಾಂಪು ಮುಗಿದ ಮೇಲೆ ನಾವು ಒಣಗಿಸಿ ಕೊಟ್ಟು, ಅದು ದಾಕ್ಷಾಯಿಣಿಯ ಅಣ್ಣ ಮಹಾರುದ್ರಪ್ಪನ ಮನೆಗೆ ಹೋಗಬೇಕಿತ್ತು.

ಕೊನೆಯ ದಿನ ಸಂಜೆ ಮಳೆ ಹಿಡಿಯಿತು. ಎಲ್ಲರೂ ಟೆಂಟಿನೊಳಗೆ ಸಾಲಾಗಿ ಕೂತು ಊಟ ಮಾಡುತ್ತಿದ್ದೆವು. ಕ್ಯಾನ್ವಾಸು ನೆನೆದು ಭಾರವಾಗಿ ಜೋತುಬಿದ್ದಿತ್ತು. ಮಹಾರುದ್ರಪ್ಪನ ಹೆಂಡತಿ, ಇಷ್ಟು ನೆನೆದರೆ ಇದನ್ನು ಒಣಗಿಸುವುದು ಹೇಗಪ್ಪ ಎಂದು ಚಿಂತೆ ಮಾಡಿದರು. ಎಲ್ಲರ ಗಮನ ನನ್ನ ಕಡೆ ಇತ್ತು ಎಂದು ನನಗೆ ಅನ್ನಿಸಿತು. ಅಂಥ ಹೊತ್ತಿನಲ್ಲಿ ನನಗೆ ಸುಮ್ಮನಿರಲು ಬರುವುದಿಲ್ಲ.

"ಇದೇನು ಮಹಾ," ಎಂದೆ. "ದಾಕ್ಷಾಯಿಣಿ ದಿಂಬಿನ ಗೌಸು ಒಣಗಿಸಿ ನೋಡಿ. ಮಾವ ಹೋಗಿ ನಾಲ್ಕು ವರ್ಷ ಆಯ್ತು, ಈಗಲೂ ತಿಂಗಳಿಗೆ ಎರಡು ಸಲ ಅರ್ಧರ್ಧ ದಿನ ಕೂರಿಸ್ತದೆ ನನ್ನ."

ಒಬ್ಬರು ನಗಲು ಬಾಯಿ ತೆರೆದು ಹಾಗೇ ಮುಚ್ಚಿದರು. ಮಹಾರುದ್ರಪ್ಪ ತಟ್ಟೆ ಕೆಳಗಿಟ್ಟ. ದಾಕ್ಷಾಯಿಣಿ ಎಲ್ಲರಿಗೂ ಮಜ್ಜಿಗೆ ಬಡಿಸಿದಳು, ನನಗೂ ಬಡಿಸಿದಳು, ಆಮೇಲೆ ತನ್ನ ಹೆಸರಿದ್ದ ಜಾಗಕ್ಕೆ ಹೋಗಿ ಟೆಂಟಿನ ಬಟ್ಟೆಯ ಕಡೆ ಮುಖ ಮಾಡಿ ಮಲಗಿದಳು. ನಾನು ತಮಾಷೆ ಮಾಡಿದೆ ಎಂದು ವಿವರಿಸಲು ಹೋದೆ. ತಮಾಷೆಯನ್ನು ವಿವರಿಸಬೇಕಾಗಿ ಬಂದಾಗ ಅದರ ಗತಿ ಏನಾಗುತ್ತದೆ ಎಂಬುದು ತರಗತಿಯಲ್ಲಿ ಇಪ್ಪತ್ತು ವರ್ಷ ಜೋಕು ಹೇಳಿದ ನನಗೆ ಗೊತ್ತಿರಬೇಕಿತ್ತು.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಎಲ್ಲರಿಗೂ ಒಮ್ಮೆಲೇ ತುರ್ತು ಕೆಲಸಗಳು ನೆನಪಾದವು. ಮನೆಗೆ ಬಂದವರು ನಾವಿಬ್ಬರು ಮತ್ತು ಟೆಂಟು. ನೆನೆದ ಟೆಂಟಿನ ತೂಕ ಒಂದು ಎಮ್ಮೆಕರುವಿನಷ್ಟಿತ್ತು. ಮಹಾರುದ್ರಪ್ಪ ಗುರುವಾರ ಮಧ್ಯಾಹ್ನ ಬಂದು ಒಯ್ಯುವುದಾಗಿ ಹೇಳಿದ್ದ. ಅಂದು ಸೋಮವಾರ. ನಮ್ಮೂರಿನಲ್ಲಿ ಒದ್ದೆ ಬಟ್ಟೆ ಮೂರು ದಿನ ತಡೆಯುತ್ತದೆ, ನಾಲ್ಕನೆಯ ದಿನ ಕಪ್ಪು ಬೂಷ್ಟು ಹಿಡಿದರೆ ಆಮೇಲೆ ದೇವರು ನೋಡಿದರೂ ಹೋಗುವುದಿಲ್ಲ. ಹೊಸ್ತಿಲು ದಾಟುತ್ತಿದ್ದಂತೆ ದಾಕ್ಷಾಯಿಣಿ ಹಿಂದಿನ ಸಂಜೆಯಿಂದ ಮೊದಲ ಬಾರಿಗೆ ನನ್ನೊಡನೆ ಮಾತಾಡಿದಳು.

"ಅಪ್ಪನ ಟೆಂಟು ಒಣಗೋ ತನಕ ಇರ್ತೀನಿ. ಒಣಗಿದ ಮೇಲೆ ಅಣ್ಣನ ಜೊತೆ ಹೋಗ್ತೀನಿ. ಆಮೇಲೆ ನಿಮ್ಮ ಬಟ್ಟೆ ನೀವೇ ನೋಡ್ಕಳ್ರಿ."

ಎಷ್ಟು ದಿನಕ್ಕೆ ಹೋಗುತ್ತೀಯ ಎಂದು ಕೇಳಿದೆ. ಅವಳು ಕ್ಯಾಂಪಿನಿಂದ ತಂದ ಚೀಲವನ್ನು ಬಿಚ್ಚದೆ, ಅದಕ್ಕೇ ಇನ್ನೂ ನಾಲ್ಕು ಸೀರೆ ತುಂಬಿ ಬಾಗಿಲ ಹತ್ತಿರ ಇಟ್ಟಳು. ನಾಲ್ಕು ಸೀರೆ ಎಂದರೆ ಎಷ್ಟು ದಿನ ಎಂಬ ಲೆಕ್ಕ ಗಣಿತದ ಮೇಷ್ಟ್ರಿಗೂ ಬಿಡಿಸಲು ಆಗಲಿಲ್ಲ.

ಮೊದಲ ದಿನ ಟೆಂಟನ್ನು ಬೀದಿಗೆ ಹರಡಿದೆವು. ಈ ಊರಿನಲ್ಲಿ ದೊಡ್ಡ ಬಟ್ಟೆ ಬೀದಿಗೆ ಬಂದರೆ ಹೋಗುವ ಬರುವವರೆಲ್ಲ ಒಂದೊಂದು ನೋಟ ಕೊಟ್ಟು ಹೋಗುವುದು ಮರ್ಯಾದೆ. ತರಕಾರಿ ಹೊತ್ತವರು ಬುಟ್ಟಿ ಇಳಿಸಿ ಎರಡು ನಿಮಿಷ ನಿಂತು ನೋಡುತ್ತಾರೆ. ಮದುವೆ ಮನೆಯ ಜಮಖಾನ ಹೀಗೆಯೇ ಒಪ್ಪೊತ್ತಿನಲ್ಲಿ ಒಣಗಿದ್ದನ್ನು ಕಂಡಿದ್ದೇನೆ. ಅಂದು ನಮ್ಮ ಬೀದಿಯ ಜನಕ್ಕೆ ಏಕಾಏಕಿ ತಮ್ಮ ಕಾಲ್ಬೆರಳುಗಳ ಮೇಲೆ ಅಪಾರ ಆಸಕ್ತಿ ಹುಟ್ಟಿತು. ಎಲ್ಲರೂ ತಲೆ ತಗ್ಗಿಸಿಕೊಂಡು ನಡೆದರು. ಒಬ್ಬರು ಮೋಡವೇ ಇಲ್ಲದ ಆಕಾಶದ ಕೆಳಗೆ ಕೊಡೆ ಬಿಚ್ಚಿ, ಅದನ್ನು ನಮ್ಮ ಮನೆಯ ಕಡೆಗೆ ವಾಲಿಸಿಕೊಂಡು ದಾಟಿದರು. ಟೆಂಟಿನೊಳಗೆ ಆಡಿದ ಮಾತು ನಮಗಿಂತ ಮುಂಚಿನ ಬಸ್ಸಿಗೆ ಊರು ಸೇರಿತ್ತು.

ಗುರುಬಸಮ್ಮನವರು ಮಾತ್ರ ತಮ್ಮ ಜಗಲಿಯಿಂದ ಇಳಿದು ಬಂದರು. ನನಗೆ ಸ್ವಲ್ಪ ಸಮಾಧಾನವಾಯಿತು. ಅವರು ದಾಕ್ಷಾಯಿಣಿಯ ಹತ್ತಿರ ನಿಂತು ಅವಳ ತಲೆ ಸವರಿದರು, ಆಮೇಲೆ ನನ್ನ ಕಡೆ ತಿರುಗಿದರು.

"ನಾನು ನೋಡ್ತಿದ್ದೆ ಮೇಷ್ಟ್ರೇ," ಎಂದರು. "ಆದ್ರೆ ನನ್ನ ಕಣ್ಣಲ್ಲಿ ನೋಟಕ್ಕಿಂತ ತೂತೇ ಜಾಸ್ತಿ."

ಎಂಟು ವರ್ಷ ಇಟ್ಟುಕೊಂಡು, ಸರಿಯಾದ ದಿನ ನೋಡಿ ವಾಪಸು ಕೊಟ್ಟರು. ಗುರಿ ಚೆನ್ನಾಗಿತ್ತು ಎಂದು ಒಳಗೊಳಗೇ ಮೆಚ್ಚಿಕೊಂಡೆ. ಮಧ್ಯಾಹ್ನ ತುಂತುರು ಶುರುವಾಯಿತು, ಬೀದಿಯವರಿಗೆ ತಲೆ ತಗ್ಗಿಸಲು ಇನ್ನೊಂದು ನೆಪ ಸಿಕ್ಕಿತು. ನಾವಿಬ್ಬರೇ ಟೆಂಟನ್ನು ಮನೆಯೊಳಗೆ ಎಳೆದೆವು.

ಹನ್ನೆರಡು ಜನರ ಟೆಂಟನ್ನು ಇಬ್ಬರ ಮನೆಯಲ್ಲಿ ನಿಲ್ಲಿಸುವುದು ಹೇಗೆ ಎಂದು ಕೇಳುವವರಿಗಾಗಿ ಹೇಳುತ್ತೇನೆ. ನಡುವಿನ ತುದಿಯನ್ನು ತೊಟ್ಟಿಲಿನ ಕೊಂಡಿಗೆ ಕಟ್ಟಿದೆವು. ಒಂದು ಮೂಲೆ ಕಿಟಕಿಯ ಸರಳಿಗೆ, ಒಂದು ಗಾದ್ರೇಜು ಬೀರುವಿನ ಹಿಡಿಗೆ, ಒಂದು ಅಡಿಗೆಮನೆಯ ಬಾಗಿಲಿಗೆ, ಇನ್ನೊಂದು ಹಿತ್ತಲಿನ ಚಿಲಕಕ್ಕೆ. ಅಡಿಗೆಮನೆಗೆ ಹೋಗಬೇಕಾದರೆ ತೆವಳಬೇಕು. ದೇವರ ಗೂಡಿನ ಮುಂದೆ ಕ್ಯಾನ್ವಾಸಿನ ಪರದೆ ಬಿದ್ದು, ದೇವರಿಗೂ ನಮ್ಮ ಸಂಸಾರ ಕಾಣದಂತಾಯಿತು. ಮನೆಯೆಲ್ಲ ಕೆರೆಯ ಮಣ್ಣು ಮತ್ತು ಹೊಗೆಯ ವಾಸನೆ. ದಾಕ್ಷಾಯಿಣಿ ಚಾಪೆ ತೆಗೆದುಕೊಂಡು ಟೆಂಟಿನ ಒಳಗೆ ಹೋದಳು, ಒಳಮಗ್ಗುಲು ಅವಳದು. ಹೊರಮಗ್ಗುಲು ನನ್ನದು. ನಮ್ಮ ನಡುವೆ ಅವರಪ್ಪ ಹೊಲಿದ ಒಂದು ದಪ್ಪ ಬಟ್ಟೆ, ಅದರ ಹೊಟ್ಟೆಯೊಳಗೆ ಒಂದು ಮಳೆ.

ಮಂಗಳವಾರದಿಂದ ಗುರುವಾರದವರೆಗೆ ರಜೆ ಚೀಟಿ ಬರೆದು ಕಳಿಸಿದೆ. ಕಾರಣ, ಕೌಟುಂಬಿಕ ಹವಾಮಾನ ಎಂದು ಬರೆದಿದ್ದೆ. ಹೆಡ್‌ಮಾಸ್ತರರು ಅದನ್ನು ಹೊಡೆದುಹಾಕಿ ಜ್ವರ ಎಂದು ತಿದ್ದಿಕೊಂಡರಂತೆ.

ಮಂಗಳವಾರ ಹತ್ತು ಗಂಟೆಯವರೆಗೆ ಪ್ರಾಮಾಣಿಕವಾಗಿ ನೋಡಿದೆ. ಕಡುಹಸಿರಾಗಿದ್ದ ಬಟ್ಟೆ ನನ್ನೆದುರಿಗೆ ಬೊಗಸೆ ಬೊಗಸೆಯಷ್ಟು ತಿಳಿಯಾಗುತ್ತಾ ಬಂತು. ಆಗ ಬಾಗಿಲ ಹತ್ತಿರದ ಚೀಲ ಕಣ್ಣಿಗೆ ಬಿತ್ತು. ನಾನು ಒಣಗಿಸುತ್ತಿರುವುದು ಟೆಂಟನ್ನಲ್ಲ, ನನ್ನ ಹೆಂಡತಿ ಹೊರಡುವ ದಾರಿಯನ್ನು ಎಂದು ಹೊಳೆಯಿತು. ಒಣಗಿದರೆ ಹೋಗುತ್ತಾಳೆ. ಒಣಗದಿದ್ದರೆ ಇರುತ್ತಾಳೆ, ಅವಳೇ ಹೇಳಿದ್ದಾಳೆ. ಇಷ್ಟು ಸುಲಭದ ಲೆಕ್ಕವನ್ನು ಎಂಟನೇ ತರಗತಿಯ ಹುಡುಗನೂ ಬಿಡಿಸುತ್ತಾನೆ. ನಾನು ಟೆಂಟಿನ ಕಡೆ ಮುಖ ಮಾಡಿಕೊಂಡೇ ಕಣ್ಣು ಮುಚ್ಚಿದೆ.

ಹೆಂಡತಿಯನ್ನು ಉಳಿಸಿಕೊಳ್ಳಲು ಅವಳಪ್ಪನ ಟೆಂಟನ್ನು ಕೊಳೆಸುವ ಉಪಾಯ ಅದು. ಟೆಂಟು ಕೊಳೆತ ಮೇಲೆ ಅವಳು ನನ್ನ ಜೊತೆ ಯಾಕೆ ಇರುತ್ತಾಳೆ ಎಂಬ ಎರಡನೆಯ ಸಾಲಿಗೆ ನನ್ನ ಗಣಿತ ಹೋಗಲೇ ಇಲ್ಲ. ಕಣ್ಣು ಮುಚ್ಚಿ ಕೂತವನಿಗೆ ಮಧ್ಯಾಹ್ನದ ಊಟವಾದ ಮೇಲೆ ನಿಜವಾಗಿಯೇ ನಿದ್ದೆ ಬಂತು. ಅಂದು ಇಡೀ ದಿನ ಒಳಗೆ ಅವಳು ಒಣಗಿಸುವುದು, ಹೊರಗಿನಿಂದ ನೀರು ಮತ್ತೆ ಒಳಗೆ ಸರಿಯುವುದು, ಅವಳು ಮತ್ತೆ ಒಣಗಿಸುವುದು ನಡೆಯಿತು.

ಬುಧವಾರ ಬೆಳಿಗ್ಗೆಯೂ ಹಾಗೆಯೇ ಕಣ್ಣು ಮುಚ್ಚಿ ಕೂತಿದ್ದೆ. ಒಳಗಿನಿಂದ ಬಟ್ಟೆಯ ಮೇಲೆ ಬೆರಳಿನಿಂದ ತಟ್ಟಿದ ಸದ್ದಾಯಿತು, ಸರಿಯಾಗಿ ನನ್ನ ಮೂಗಿನ ಎದುರಿಗೆ. ಕಣ್ಣು ಮುಚ್ಚಿದೀರಾ ಎಂದು ಕೇಳಿದಳು. ಇಲ್ಲ ಎಂದೆ. ಹಾಗಾದರೆ ನಿನ್ನೆ ಒಣಗಿಸಿದ ಕಡೆಯೆಲ್ಲ ಮತ್ತೆ ಯಾಕೆ ಒದ್ದೆಯಾಗಿದೆ ಎಂದು ಕೇಳಿದಳು. ಕ್ಯಾನ್ವಾಸಿನ ಗುಣ ಎಂದೆ. ಆಗ ಅವಳು ಮಾತಾಡಿದಳು. ದನಿ ಏರಿಸಲಿಲ್ಲ.

"ಸ್ನಾನದ ಮನೇಲಿ ನಲ್ಲಿ ಬಿಟ್ಕಂಡು ಟವೆಲಿನಾಗೆ ಮುಖ ಮುಚ್ಕಂಡ್ರೆ ಯಾರಿಗೂ ಗೊತ್ತಾಗಲ್ಲ ಅನ್ಕಂಡಿದೀರಾ? ಅತ್ತೆ ತೀರ್ಕಂಡ ವರ್ಷ ನಿಮ್ಮ ಟವೆಲ್ಲಿಗೆ ನಾನು ದಿನಾ ಎರಡು ಗಂಟೆ ಕೂತಿದೀನಿ. ಹೆಡ್‌ಮಾಸ್ತರ ಕೆಲಸ ನಿಮಗೆ ತಪ್ಪಿದಾಗ ಒಂಬತ್ತು ದಿನ. ನನ್ನ ಬಾಯಾಗೆ ಒಂದು ಮಾತು ಬಂತಾ? ಹೊರಗೆ ಬ್ಯಾಡ, ನಿಮಗಾದ್ರೂ ಹೇಳಿದ್ನಾ?"

ಅವ್ವನ ಕಾರ್ಯದ ದಿನ ಊಟದ ಪಂಕ್ತಿಯಲ್ಲಿ ಎಲ್ಲರನ್ನೂ ನಗಿಸಿದವನು ನಾನು. ಗಟ್ಟಿ ಮನುಷ್ಯ ಎಂದು ಜನ ಹೊಗಳಿದ್ದರು, ನಾನೂ ಒಪ್ಪಿಕೊಂಡಿದ್ದೆ. ಟವೆಲ್ಲು ದಿನಾ ಒದ್ದೆಯಾಗಿ ಹಗ್ಗಕ್ಕೆ ಹೋಗುತ್ತಿತ್ತು, ಸಂಜೆ ಮಡಚಿ ಕಪಾಟಿಗೆ ಬರುತ್ತಿತ್ತು. ನಡುವೆ ಎಷ್ಟು ಹೊತ್ತು ಹಿಡಿಯಿತು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಅವ್ವ ಹೋಗಿ ಹದಿಮೂರು ವರ್ಷ, ಅಂದಿನಿಂದ ಅವಳಿಗೆ ಎಲ್ಲ ಗೊತ್ತಿತ್ತು. ಅವಳ ದಿಂಬಿನ ಗೌಸಿನ ವಿಷಯ ನನ್ನ ಹೊಟ್ಟೆಯಲ್ಲಿ ನಾಲ್ಕೇ ವರ್ಷ ನಿಂತಿತು, ಅದೂ ಒಂದು ಜೋಕಿಗೆ ಸಾಮಾನು ಬೇಕಾಗುವವರೆಗೆ. ನನಗೆ ನಾಚಿಕೆಯಾಯಿತು. ಇದನ್ನು ಬೇರೆ ರೀತಿಯಲ್ಲಿ ಚಮತ್ಕಾರವಾಗಿ ಹೇಳಬಹುದಿತ್ತು, ಆದರೆ ಆಗಿದ್ದು ನಾಚಿಕೆಯೇ.

ಕಣ್ಣು ಮುಚ್ಚಿದ್ದು ನಿಜ ಎಂದು ಒಪ್ಪಿಕೊಂಡೆ. ನೀನು ಹೋಗುತ್ತೀಯ ಎನ್ನುವ ಭಯಕ್ಕೆ ಮುಚ್ಚಿದೆ ಎಂದೂ ಹೇಳಿದೆ. ನಾನು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡು ನೋಡಲು ಶುರುಮಾಡಿದೆ. ಅಂದು ನೋಡಿದ ಹಾಗೆ ನಾನು ಯಾವ ಪರೀಕ್ಷಾ ಕೊಠಡಿಯನ್ನೂ ನೋಡಿಲ್ಲ. ಇಂಚಿಂಚಾಗಿ, ಹೊಲಿಗೆ ಹೊಲಿಗೆಯಾಗಿ. ಮಾವನವರು ಎಲ್ಲಿ ದಾರ ಬದಲಿಸಿದ್ದಾರೆ, ಎಲ್ಲಿ ಕೈ ಸೋತು ಹೊಲಿಗೆ ಸೊಟ್ಟಗಾಗಿದೆ, ಎಲ್ಲಿ ಬಿಚ್ಚಿ ಮತ್ತೆ ಹೊಲಿದಿದ್ದಾರೆ, ಎಲ್ಲ ಕಾಣಿಸಿತು. ಕಂಡದ್ದನ್ನು ಯಾರಿಗೂ ಹೇಳಲಿಲ್ಲ. ಈಗ ನಿಮಗೆ ಹೇಳಿದೆ ಎಂದು ಹಿಡಿಯಬೇಡಿ, ಅದಕ್ಕೆ ಅಪ್ಪಣೆ ಇದೆ, ಮುಂದೆ ಬರುತ್ತದೆ. ಸಂಜೆಯ ಹೊತ್ತಿಗೆ ಹೊರಮಗ್ಗುಲು ಪೂರ್ತಿ ಒಣಗಿ, ಹಪ್ಪಳ ತಟ್ಟಿದಂತೆ ಸದ್ದು ಮಾಡತೊಡಗಿತು.

ಗುರುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ದಾಕ್ಷಾಯಿಣಿ ಟೆಂಟಿನಿಂದ ಹೊರಗೆ ಬಂದು ನಿಂತಳು. ಎರಡು ದಿನ ಬಗ್ಗಿ ಕೂತು ಸೊಂಟ ಹಿಡಿದಿತ್ತು. ನನ್ನ ಕಡೆ ನೋಡದೆ, ಗೋಡೆಯ ಕ್ಯಾಲೆಂಡರಿಗೆ ಹೇಳುವ ಹಾಗೆ ಹೇಳಿದಳು.

"ನನ್ನ ಹೆಸರಿನ ಹತ್ರ ಒಂದಿಷ್ಟು ಉಳ್ಕಂಡೈತೆ. ನನ್ನ ಕಣ್ಣಿಗೆ ಒಣಗಲ್ಲ ಅದು."

ನಮ್ಮೂರಿನಲ್ಲಿ ಈ ಮಾತಿಗೆ ಒಂದೇ ಅರ್ಥ. ಅವಳು ಬಯಸಿದ್ದರೆ ಅಣ್ಣನಿಗೆ ತೋರಿಸಬಹುದಿತ್ತು, ಗುರುಬಸಮ್ಮನವರನ್ನು ಕರೆಯಬಹುದಿತ್ತು. ಊರಿನಲ್ಲಿ ಬಾಯಿ ಸಡಿಲವಾದವನು ನಾನೊಬ್ಬನೇ, ನನಗೇ ಹೇಳಿದಳು. ನಾನು ಬಗ್ಗಿ ಒಳಗೆ ಹೋದೆ.

ಒಳಗೆ ಹಸಿರು ಬೆಳಕಿತ್ತು. ಹನ್ನೆರಡು ಹೆಸರುಗಳು ಸುತ್ತಲೂ ಕೆಂಪಗೆ ಕಾಣುತ್ತಿದ್ದವು. ದಾಕ್ಷಿ ಎಂದಿದ್ದ ಕಡೆ, ಮಲಗಿದವರ ಮುಖ ತಾಗುವ ಎತ್ತರದಲ್ಲಿ, ಎರಡು ಅಂಗೈ ಅಗಲದ ಜಾಗ ಇನ್ನೂ ಕಪ್ಪಗೆ ಒದ್ದೆಯಾಗಿತ್ತು. ಸುತ್ತ ಬಿದ್ದ ಮಳೆಯೆಲ್ಲ ಒಣಗಿಹೋಗಿತ್ತು, ಇದೊಂದು ನಿಂತಿತ್ತು. ಅಂದು ಸಂಜೆ ಅವಳು ಆ ಕಡೆ ಮುಖ ಮಾಡಿ ಮಲಗಿದಾಗ ಪಕ್ಕದಲ್ಲಿ ಮೇಷ್ಟ್ರು ಎಂಬ ಹೆಸರಿನ ಕೆಳಗೆ ನಾನು ಗೊರಕೆ ಹೊಡೆದಿದ್ದೆ. ಇದನ್ನೂ ಅವಳೇ ಹೇಳಬೇಕಿರಲಿಲ್ಲ, ನನ್ನ ಗೊರಕೆ ನನಗೆ ಗೊತ್ತು.

ಒಂಬತ್ತು ಗಂಟೆಗೆ ಕೂತೆ. ಎರಡು ಅಂಗೈ ಅಗಲ ಎಂದರೆ ನೀರಿನ ಒದ್ದೆಗೆ ಹತ್ತು ನಿಮಿಷವೂ ಬೇಡ. ಹತ್ತಾಯಿತು, ಹನ್ನೊಂದಾಯಿತು, ಅಂಚು ಒಂದು ಬೆರಳಿನಷ್ಟು ಹಿಂದೆ ಸರಿದಿತ್ತು. ಹೊರಗೆ ಅವಳು ಅದೇ ಜಾಗಕ್ಕೆ ಬೆನ್ನು ಕೊಟ್ಟು ಕೂತು ಅವರೆಕಾಯಿ ಸುಲಿಯುತ್ತಿದ್ದ ಸದ್ದು ಕೇಳುತ್ತಿತ್ತು. ನಡುವೆ ಒಮ್ಮೆ ನನ್ನ ನಾಲಿಗೆಯ ತುದಿಗೆ ಒಂದು ಒಳ್ಳೆಯ ಮಾತು ಬಂತು. ನಿಜವಾಗಿಯೂ ಒಳ್ಳೆಯ ಮಾತು, ಸ್ಟಾಫ್ ರೂಮಿನಲ್ಲಿ ಹೇಳಿದ್ದರೆ ಒಂದು ವಾರ ಓಡುತ್ತಿತ್ತು. ಅದನ್ನು ನುಂಗಿಕೊಂಡೆ. ಕಷ್ಟವಾಯಿತು, ಆದರೆ ಇಳಿಯಿತು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ, ಅವಳೂ ಕರೆಯಲಿಲ್ಲ. ಅಂಚಿನಿಂದ ಒಂದು ಕೈ ಒಳಗೆ ಬಂತು, ಒಂದು ಲೋಟ ನೀರಿಟ್ಟು ಹೋಯಿತು.

ಮೂರು ಗಂಟೆಗೆ ಆ ಜಾಗ ಒಣಗಿತು. ಬಟ್ಟೆಯ ಮೇಲೆ ತೆಳುವಾದ ಬಿಳಿಯ ಉಪ್ಪಿನ ಗೆರೆಯೊಂದು ಉಳಿಯಿತು. ಒಣಗಿತು ಎಂದು ಒಳಗಿನಿಂದ ಹೇಳಿದೆ. ಅಷ್ಟನ್ನೇ ಹೇಳಿದೆ.

ಮಹಾರುದ್ರಪ್ಪ ಸರಿಯಾದ ಹೊತ್ತಿಗೆ ಬಂದ. ನನ್ನ ಮುಖ ನೋಡದೆ ಟೆಂಟನ್ನು ಬಿಚ್ಚಿ ನಡುಮನೆಯಲ್ಲಿ ಹರಡಿ ಮಡಚತೊಡಗಿದ. ಅವನೂ ದರ್ಜಿ, ಬಟ್ಟೆಯ ಮೇಲೆ ಅಂಗೈ ಆಡಿಸಿಕೊಂಡೇ ಮಡಚುತ್ತಾನೆ. ತಂಗಿಯ ಹೆಸರಿನ ಹತ್ತಿರ ಅವನ ಕೈ ನಿಂತಿತು. ಬಾಗಿಲ ಬಳಿ ದಾಕ್ಷಾಯಿಣಿ ಚೀಲ ಹಿಡಿದು ನಿಂತಿದ್ದಳು. ಇದೇನು ಕಲೆ ಎಂದು ಅವನು ಕೇಳಿದ.

"ಸಾರು ಚೆಲ್ಲಿತು," ಎಂದೆ. "ನನ್ನ ಕೈತಪ್ಪಿ."

ಅವನು ಆ ಬಿಳಿಯ ಗೆರೆಯನ್ನು ನೋಡಿದ, ನನ್ನನ್ನು ನೋಡಿದ. "ನಿಮ್ಮನೇಲಿ ಸಾರಿಗೆ ಅರಿಶಿನ ಹಾಕಲ್ವಾ ಮೇಷ್ಟ್ರೇ?"

"ಮರೆತಿದ್ದೆ. ಅವತ್ತು ಅಡಿಗೆ ನಂದೇ."

ಮಹಾರುದ್ರಪ್ಪ ಆ ಭಾಗವನ್ನು ಒಳಗೆ ಬರುವಂತೆ ನಿಧಾನವಾಗಿ ಮಡಚಿದ. ಆದರೆ ಬಸ್‌ಸ್ಟ್ಯಾಂಡು ತಲುಪುವ ಮೊದಲೇ ಸಿಕ್ಕವರಿಗೆಲ್ಲ, ಅಪ್ಪನ ಟೆಂಟಿನ ಮೇಲೆ ಮೇಷ್ಟ್ರು ಸಾರು ಚೆಲ್ಲಿದರು, ಅದೂ ಅರಿಶಿನವಿಲ್ಲದ ಸಾರು ಎಂದು ಹೇಳಿಕೊಂಡು ಹೋದ. ಸುಳ್ಳು ಎಂದು ತಿಳಿದೂ ಅಷ್ಟು ಶ್ರದ್ಧೆಯಿಂದ ಹರಡಿದ. ಊರಿಗೆ ಬಹಳ ಸಂತೋಷವಾಯಿತು. ಮರುದಿನ ಕಪ್ಪುಹಲಗೆಯ ಮೇಲೆ ಯಾರೋ ಒಂದು ಬೋಗುಣಿಯ ಚಿತ್ರ ಬರೆದಿದ್ದರು. ಗುರುಬಸಮ್ಮನವರು ನನ್ನನ್ನು ಸಾರಿನ ಮೇಷ್ಟ್ರೇ ಎಂದು ಕರೆದು, ಜಗಲಿಯಲ್ಲಿ ಕೂತು ನನ್ನ ಎರಡು ಪಂಚೆ ಒಣಗಿಸಿಕೊಟ್ಟರು. ಜನರ ಬಾಯಿಗೆ ಬಿದ್ದವನ ಮೇಲೆ ಊರಿಗೆ ಒಂದು ಪ್ರೀತಿ ಇರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ, ಬೀಳಿಸುವ ಕೆಲಸ ಯಾವಾಗಲೂ ನನ್ನದೇ ಆಗಿತ್ತು.

ದಾಕ್ಷಾಯಿಣಿ ಹೋದಳು. ಒಣಗಿದ ಮೇಲೆ ಹೋಗುತ್ತೇನೆ ಎಂದಿದ್ದಳು, ಅವಳ ಮಾತು ನನ್ನ ಮಾತಿನಂತಲ್ಲ. ಹೊಸ್ತಿಲಿನ ಹತ್ತಿರ ಒಂದು ಕ್ಷಣ ನಿಂತಳು. ಅಡಿಗೆಮನೆಯಲ್ಲಿ ಅರಿಶಿನದ ಡಬ್ಬಿ ಎಡಗಡೆ ಇದೆ ಎಂದಳು, ಆಮೇಲೆ ಅಣ್ಣನ ಹಿಂದೆ ನಡೆದಳು.

ಮನೆ ಮತ್ತೆ ದೊಡ್ಡದಾಯಿತು. ಅಡಿಗೆಮನೆಗೆ ನೆಟ್ಟಗೆ ನಡೆದುಕೊಂಡು ಹೋಗಬಹುದಿತ್ತು. ನಾನು ಎರಡು ದಿನ ಅಭ್ಯಾಸಬಲದಿಂದ ಬಗ್ಗಿಯೇ ಹೋದೆ. ಅಂಗಿ ಪಂಚೆಗಳನ್ನು ನಾನೇ ನೋಡಿ ಒಣಗಿಸಿಕೊಂಡೆ, ಬೇಸರವಾದಾಗ ಗುರುಬಸಮ್ಮನವರಿಗೆ ಕೊಟ್ಟೆ. ಟವೆಲ್ಲುಗಳು ಮಾತ್ರ ಒಣಗಲಿಲ್ಲ. ಮೊದಲನೆಯದಕ್ಕೆ ಒಂದು ಸಂಜೆ ಪೂರ್ತಿ ಕೂತು ನೋಡಿದೆ, ಹನಿಯೂ ಕದಲಲಿಲ್ಲ. ಹೊರಗೆ ಕೊಡುವಂತಿರಲಿಲ್ಲ. ಬಕೆಟ್ಟಿನಲ್ಲಿ ಹಾಕಿ, ಬೂಷ್ಟು ಹಿಡಿಯದಂತೆ ದಿನಾ ಮತ್ತೆ ಜಾಲಿಸಿ ಹಿಂಡಿಟ್ಟೆ. ಆರು ಟವೆಲ್ಲುಗಳಾದವು. ಏಳನೆಯದು ಮನೆಯಲ್ಲಿ ಇರಲಿಲ್ಲ, ಹಾಗಾಗಿ ಕೊನೆಗೆ ಲುಂಗಿಯಲ್ಲಿ ಮುಖ ಒರೆಸಿಕೊಂಡೆ.

ಒಂಬತ್ತನೆಯ ದಿನ ಬೆಳಗಿನ ಬಸ್ಸಿಗೆ ಅವಳು ಬಂದಳು. ಚೀಲ ಇಳಿಸಿ, ಕಾಲು ತೊಳೆಯಲು ಹಿತ್ತಲಿಗೆ ಹೋದಳು. ಅಲ್ಲಿ ಬಕೆಟ್ಟು ಇತ್ತು. ನಾನು ಬಾಗಿಲಲ್ಲಿ ನಿಂತು, ಒಗೆಯುವವಳು ಬರಲಿಲ್ಲ, ಸೋಪು ಮುಗಿದಿತ್ತು, ನೆಗಡಿಯಾಗಿತ್ತು ಎಂದು ಮೂರು ಕಾರಣ ಸಿದ್ಧಮಾಡಿಕೊಂಡಿದ್ದೆ. ಅವಳು ಒಂದನ್ನೂ ಕೇಳಲಿಲ್ಲ.

ಇದನ್ನು ಬರೆಯುವ ಮೊದಲು ಅವಳ ಒಪ್ಪಿಗೆ ಕೇಳಿದೆ. ಏನೇನು ಬರುತ್ತದೆ ಎಂದು ಕೇಳಿಕೊಂಡು, ಹೊರಗಿನವರು ಓದುವುದಾದರೆ ಅಡ್ಡಿಯಿಲ್ಲ, ಊರಿನಲ್ಲಿ ಮಾತ್ರ ಸಾರು ಎಂದೇ ಇರಲಿ ಎಂದಳು. ದಿಂಬಿನ ಗೌಸಿನ ವಿಷಯವೂ ಇರಲಿ ಎಂದಳು. ಟವೆಲ್ಲಿನ ವಿಷಯ ಬರೆಯುವುದು ಬಿಡುವುದು ನಿಮಗೆ ಬಿಟ್ಟದ್ದು, ಅದು ನಿಮ್ಮ ಬಟ್ಟೆ ಎಂದಳು.

ಅಂದು ಬೆಳಿಗ್ಗೆ ಅವಳು ಆರು ಟವೆಲ್ಲುಗಳನ್ನೂ ಒಂದೊಂದಾಗಿ ಕೊಡವಿ ಹಗ್ಗಕ್ಕೆ ಹಾಕಿದಳು. ಲುಂಗಿಯನ್ನೂ ಕೇಳಿ ಇಸಿದುಕೊಂಡಳು. ಆಮೇಲೆ ಮಣೆ ಹಾಕಿಕೊಂಡು ಅವುಗಳ ಎದುರಿಗೆ ಕೂತಳು. ಎಷ್ಟು ಹೊತ್ತು ಕೂತಳು ಎಂದು ಅವಳು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.